ಸವಾಲಿಗೆ ಜವಾಬು ಸಿಗದ ಚರ್ಚೆ

ಚುನಾವಣೆ ಬಂದಾಗಲೆಲ್ಲ ನಮ್ಮ ನಾಯಕರು ಬಹಿರಂಗ ಚರ್ಚೆಗೆ ಪಂಥಾಹ್ವಾನ ಕೊಡುತ್ತಾರೆ. ಎದುರುಬದುರು ಕೂರುವುದು ಮಾತ್ರ ಇಲ್ಲ. 2018ರ ವಿಧಾನಸಭಾ ಚುನಾವಣೆಯಲ್ಲಿ, ಕಾಗದ ನೋಡದೆ 15 ನಿಮಿಷ ಮಾತಾಡಿ ಎಂದು ನರೇಂದ್ರ ಮೋದಿ ಅವರು ರಾಹುಲ್ ಗಾಂಧಿ ಅವರಿಗೆ ಸವಾಲು ಹಾಕಿದರು. ಯಡಿಯೂರಪ್ಪ ಸರ್ಕಾರದ ಸಾಧನೆಯನ್ನು ಕಾಗದ ನೋಡಿಯೇ 15 ನಿಮಿಷ ಹೇಳಿ ಎಂದು ಸಿದ್ದರಾಮಯ್ಯ ಅವರು ತಿರುಗಿಸಿದರು. 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಹಾಗೂ ಪತ್ರಕರ್ತ ಎನ್. ರಾಮ್ ಅವರು ಮೋದಿ, ರಾಹುಲ್ ಇಬ್ಬರನ್ನೂ ಒಂದೇ ವೇದಿಕೆಗೆ ಕರೆದರು. ರಾಹುಲ್ ಒಪ್ಪಿದರೂ ಚರ್ಚೆ ನಡೆಯಲಿಲ್ಲ.

ಹೀಗಾಗಿ ಜಮಖಂಡಿ ತಾಲ್ಲೂಕಿನ ತುಬಚಿಯಲ್ಲಿ ಮೊದಲ ಸಲ ಮತ ಹಾಕುವ ಹುಡುಗಿಯ ಪಾಲಿಗೆ ಉಳಿಯುವುದು ರಾತ್ರಿಯ ಸ್ಟುಡಿಯೊ ಜಗಳ. ಅಲ್ಲಿ ಕೂಗಾಡುವ ವಕ್ತಾರರಲ್ಲಿ ಹೆಚ್ಚಿನವರು ಅವಳ ಮತಯಂತ್ರದಲ್ಲೇ ಇರುವುದಿಲ್ಲ. ಅವಳ ಪ್ರಶ್ನೆಗಳೂ ಅಲ್ಲಿಲ್ಲ. ಆಲಮಟ್ಟಿಯ ನೀರಿನ ಮಟ್ಟ 519.60 ಮೀಟರ್‌ನಿಂದ 524.256ಕ್ಕೆ ಏರಿದರೆ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ ₹40 ಲಕ್ಷ, ಖುಷ್ಕಿಗೆ ₹30 ಲಕ್ಷ ಎಂದು ಸಚಿವ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ನಿರ್ಧರಿಸಿತು. ಆ ಹಣ ಯಾವ ವರ್ಷದ ಬಜೆಟ್ಟಿನಿಂದ, ಎಷ್ಟು ಕಂತಿನಲ್ಲಿ? ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಆಗಬೇಕು, ತಡವಾದರೆ ಶೇ 15 ಬಡ್ಡಿ ಸೇರಬೇಕು ಎನ್ನುತ್ತದೆ 1966ರ ಕಬ್ಬು ನಿಯಂತ್ರಣ ಆದೇಶ. ಬಡ್ಡಿ ಕೊಡಿಸುವವರು ಯಾರು? ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಕಾಲುವೆಯ ಕೊನೆಯ ಹೊಲ ಮುಟ್ಟುತ್ತಿದೆಯೇ?

ಚರ್ಚೆ ಹೇಗಿರಬೇಕೆಂದು ಈ ಸೀಮೆಗೆ ಯಾರೂ ಹೇಳಿಕೊಡಬೇಕಿಲ್ಲ. ಹರದೇಶಿ–ನಾಗೇಶಿ ಮೇಳಗಳು ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಬೆಳಗಿನತನಕ ಹಾಡಿನಲ್ಲೇ ವಾದಿಸುತ್ತವೆ. ಎದುರಿನವರು ಇಟ್ಟ ಸವಾಲಿಗೆ ಜವಾಬು ಕೊಡದೆ ಬೇರೆ ಪದ ಎತ್ತಿಕೊಂಡರೆ ಮಂದಿ ಸುಮ್ಮನಿರುವುದಿಲ್ಲ. ಟಿ.ವಿ. ನಿರೂಪಕರು ಈ ಒಂದು ನಿಯಮ ಪಾಲಿಸಿದರೂ ಸಾಕಿತ್ತು.

ಮಾತಿನಿಂದೇನು, ಕೆಲಸ ನೋಡಿ ಮತ ಹಾಕಲಿ ಎನ್ನುವವರಿದ್ದಾರೆ. ಅವರ ಮಾತಿಗೆ ಇಲ್ಲಿ ಬಲವಾದ ಸಾಕ್ಷಿಯೂ ಇದೆ. ಚಿಕ್ಕಪಡಸಲಗಿಯಲ್ಲಿ 1989ರಲ್ಲಿ ರೈತರೇ ದುಡ್ಡು, ದುಡಿಮೆ ಹಾಕಿ ಕಟ್ಟಿದ ಬ್ಯಾರೇಜಿನ ಮುಂದಾಳು ಸಿದ್ದು ನ್ಯಾಮಗೌಡ ಅವರು 1991ರ ಲೋಕಸಭಾ ಚುನಾವಣೆಯಲ್ಲಿ ರಾಮಕೃಷ್ಣ ಹೆಗಡೆ ಅವರನ್ನೇ ಸೋಲಿಸಿದರು. ಆದರೆ ಹದಿನೆಂಟರ ಹುಡುಗಿ ಎಷ್ಟು ಸರ್ಕಾರಗಳ ಕೆಲಸ ಕಂಡಿರಲು ಸಾಧ್ಯ? ಅವಳ ಮುಂದೆ ಇರುವುದು ಹೆಚ್ಚಾಗಿ ಮಾತೇ. ಹಾಗಿದ್ದಮೇಲೆ ಆ ಮಾತನ್ನು ಒರೆಗೆ ಹಚ್ಚುವ ಏರ್ಪಾಡು ಬೇಕೇ ಬೇಕು.

ಏರ್ಪಾಡಿಗೆ ಬೀಜ ಈಗಾಗಲೇ ಇದೆ. ಪಕ್ಷಗಳಿಗೆ ದೂರದರ್ಶನ, ಆಕಾಶವಾಣಿಯಲ್ಲಿ ಸಮಯ ಹಂಚುವ 1998ರ ಯೋಜನೆಯಲ್ಲಿ, ಪ್ರಸಾರ ಭಾರತಿ ಗರಿಷ್ಠ ಎರಡು ಚರ್ಚೆ ನಡೆಸಬಹುದೆಂಬ ಅವಕಾಶವಿದೆ. ಅದು ಪಕ್ಷದ ಪ್ರತಿನಿಧಿಗಳಿಗೇ ಸೀಮಿತ ಎಂಬುದೇ ಕೊರತೆ. ಅದನ್ನು ಕ್ಷೇತ್ರಕ್ಕೆ ಇಳಿಸಬೇಕು: ಜಮಖಂಡಿ, ಮುಧೋಳ, ಬೀಳಗಿ, ತೇರದಾಳದ ಅಭ್ಯರ್ಥಿಗಳೇ ಬರಲಿ, ವಿಜಯಪುರ ಆಕಾಶವಾಣಿಯೂ ಚಂದನವೂ ಪ್ರಸಾರ ಮಾಡಲಿ, ಮೊದಲ ಪ್ರಶ್ನೆಗಳನ್ನು ಹೊಸ ಮತದಾರರು ಕೇಳಲಿ. ಬಾರದವರ ಕುರ್ಚಿ ಖಾಲಿಯಾಗಿಯೇ ಕಾಣಲಿ. ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿದೆ. ಚುನಾವಣಾ ಆಯೋಗ ನಿಯಮ ತಿದ್ದುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.