ಧೈರ್ಯ ಅನ್ನಬ್ಯಾಡ್ರಿ

2025ರ ಮೇ ತಿಂಗಳ ಕೊನೆ. ಶಿರಗುಪ್ಪಿಯ ತವರುಮನೆಗೆ ಹೋಗಿದ್ದೆ. ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ ನನ್ನ ತಮ್ಮ, "ಅಕ್ಕಾ, ಇಲ್ಲಿ ನೋಡು. ಇಬ್ಬರಽ ಹೆಣ್ಣಮಕ್ಕಳು ಹಾಯಿ ದೋಣ್ಯಾಗ ಇಡೀ ಭೂಮಿ ಸುತ್ತಿ ಬಂದಾರ. ಏನ್ ಧೈರ್ಯ ಅಂತೀ!" ಎಂದ.

ನೌಕಾಪಡೆಯ ದಿಲ್ನಾ ಮತ್ತು ರೂಪಾ ಎಂಬ ಅಧಿಕಾರಿಗಳ ಸುದ್ದಿ ಅದು. 2024ರ ಅಕ್ಟೋಬರ್ 2ರಂದು 'ತಾರಿಣಿ' ಎಂಬ ದೋಣಿಯಲ್ಲಿ ಗೋವೆಯಿಂದ ಹೊರಟವರು ಮೇ 29ಕ್ಕೆ ಅಲ್ಲಿಗೇ ಮರಳಿದ್ದರು. ಇದೇ ದೋಣಿಯಲ್ಲಿ 2017-18ರಲ್ಲಿ ವರ್ತಿಕಾ ಜೋಶಿಯವರ ಮುಂದಾಳತ್ವದಲ್ಲಿ ಆರು ಹೆಂಗಸರು ಭೂಮಿ ಸುತ್ತಿದ್ದರು. ಆಗಲೂ ನಮ್ಮ ತಮ್ಮ ಇದೇ ಮಾತು ಹೇಳಿದ್ದ.

"ಹಂಗಾರ ನಿನ್ನ ಮಗಳನ್ನೂ ಕಳಸು" ಎಂದೆ. ಅವನ ಮಗಳು ಕಾರವಾರದಲ್ಲಿ ಓದುತ್ತಾಳೆ. ಎನ್.ಸಿ.ಸಿ. ನೌಕಾದಳ ಸೇರಿ ಎರಡು ಹಾಯಿಯ ಸಣ್ಣ ದೋಣಿ ನಡೆಸುವುದನ್ನು ಕಲಿತಿದ್ದಾಳೆ. ಪಂದ್ಯದ ದೊಡ್ಡ ದೋಣಿ ಕಲಿಯಲು ಗೋವೆಯಲ್ಲಿ ಹದಿನೈದು ದಿನದ ಶಿಬಿರ. ಅದರ ಫಾರ್ಮು ಅಪ್ಪನ ಸಹಿಗಾಗಿ ಕಪಾಟಿನಲ್ಲಿ ಕಾಯುತ್ತಿತ್ತು.

ತಮ್ಮ ನಕ್ಕ. "ಅಕಿಗೆ ಧೈರ್ಯ ಐತಿ. ನನಗಽ ಇಲ್ಲ."

ಎಲ್ಲರೂ ನಕ್ಕೆವು. ಹುಡುಗಿ ಮಾತ್ರ ನಗಲಿಲ್ಲ. ಒಳಗೆ ಹೋಗಿ ನನ್ನದೊಂದು ಹಳೆಯ ವಾಯಿಲ್ ಸೀರೆ, ಬಟ್ಟೆ ಹರವುವ ಗಳ, ಮೂರು ತುಂಡು ಹಗ್ಗ ತಂದಳು. "ಅತ್ತೀ, ಅಪ್ಪಾ, ಇಬ್ಬರೂ ಬರ್ರಿ" ಎಂದು ಅಂಗಳದ ಬೇವಿನ ಮರದ ಹತ್ತಿರ ನಿಲ್ಲಿಸಿದಳು. ಮರವೇ ಕೂವೆಮರ. ಬೆನ್ನ ಹಿಂದಿನಿಂದ ಸಂಜೆಯ ಗಾಳಿ ಬೀಸುತ್ತಿತ್ತು.

ಗಾಳಿ ಹಿಂದಿನಿಂದ ಬಂದಾಗ ಪಂದ್ಯದ ದೋಣಿಗಳು ಸ್ಪಿನೇಕರ್ ಎಂಬ ದೊಡ್ಡ ಹಾಯಿ ಬಿಚ್ಚುತ್ತವೆ. ತೆಳ್ಳನೆಯ ನೈಲಾನ್ ಬಟ್ಟೆ, ಮೂರು ಮೂಲೆ. ಗಾಳಿ ತುಂಬಿದರೆ ಬುಗ್ಗೆಯಂತೆ ಉಬ್ಬುತ್ತದೆ. ಮೇಲಿನ ಮೂಲೆಯನ್ನು ಹಗ್ಗದಿಂದ ಕೂವೆಯ ತುದಿಗೆ ಏರಿಸುತ್ತಾರೆ. ಕೆಳಗಿನ ಎರಡು ಮೂಲೆಗಳಲ್ಲಿ ಗಾಳಿ ಬರುವ ಕಡೆಯದನ್ನು ಗಳದ ತುದಿಗೆ ಸಿಕ್ಕಿಸಿ ದೋಣಿಯಿಂದ ಹೊರಗೆ ಚಾಚುತ್ತಾರೆ. ಆ ಮೂಲೆಯ ಹಗ್ಗಕ್ಕೆ ಗೈ ಎಂದು ಹೆಸರು. ಇನ್ನೊಂದು ಮೂಲೆಯ ಹಗ್ಗಕ್ಕೆ ಶೀಟ್. ಗಳ ಮೇಲೇಳದಂತೆ ಒಂದು ಹಗ್ಗ, ಕೆಳಗೆ ಬೀಳದಂತೆ ಇನ್ನೊಂದು. ಈ ಹಾಯಿಯನ್ನು ಚೀಲಕ್ಕೆ ತುಂಬುವ ಮೊದಲು ಅಂಚಿನುದ್ದಕ್ಕೂ ಕೈಯಾಡಿಸಿ ತಿರುಚಿಲ್ಲವೆಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಮೇಲೇರಿದ ಮೇಲೆ ನಡುವೆ ಗಂಟು ಬಿದ್ದು ಡಮರುಗದ ಆಕಾರವಾಗಿ ನಿಲ್ಲುತ್ತದೆ. ಸೀರೆಯ ನಿರಿಗೆ ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟಾದರೆ ಅರ್ಧ. ಗಾಳಿ ದೋಣಿಯ ಒಂದು ಮಗ್ಗುಲಿನಿಂದ ಹಿಂದೆ ಹಾದು ಇನ್ನೊಂದು ಮಗ್ಗುಲಿಗೆ ಬರುವಂತೆ ದೋಣಿ ತಿರುಗಿಸುವುದಕ್ಕೆ ಜೈಬ್ ಎನ್ನುತ್ತಾರೆ. ಆಗ ದೊಡ್ಡ ಹಾಯಿಯ ಅಡ್ಡಮರ ತಲೆಯ ಮೇಲೆ ರಭಸದಿಂದ ಆಚೆಗೆ ಹೊರಳುತ್ತದೆ. ಬಗ್ಗದ ತಲೆ ಒಡೆಯುತ್ತದೆ. ಅದೇ ಹೊತ್ತಿನಲ್ಲಿ ಸ್ಪಿನೇಕರಿನ ಗಳವನ್ನೂ ಬದಿ ಬದಲಿಸಬೇಕು. ಮುಂದೆ ನಿಂತವಳು ಗಳದ ಒಳತುದಿಯನ್ನು ಕೂವೆಯಿಂದ ಬಿಡಿಸಿ ಹಾಯಿಯ ಇನ್ನೊಂದು ಮೂಲೆಗೆ ಸಿಕ್ಕಿಸುತ್ತಾಳೆ. ಆಮೇಲೆ ಹಳೆಯ ಮೂಲೆ ಬಿಡಿಸಿ ಆ ತುದಿಯನ್ನು ಕೂವೆಗೆ ಕೂಡಿಸುತ್ತಾಳೆ. ಶೀಟ್ ಇದ್ದದ್ದು ಗೈ ಆಗುತ್ತದೆ, ಗೈ ಇದ್ದದ್ದು ಶೀಟ್. ಅಷ್ಟು ಹೊತ್ತು ಹಿಂದಿನವರು ಎರಡೂ ಹಗ್ಗ ಸಮ ಹಿಡಿದು ಹಾಯಿಯನ್ನು ತುಂಬಿಯೇ ಇಡಬೇಕು. ಚುಕ್ಕಾಣಿಯವಳು ಅವಸರ ಮಾಡಬಾರದು. ದೋಣಿ ದೊಡ್ಡದಾದರೆ ಗಳವನ್ನು ಮುಂದೆ ತಗ್ಗಿಸಿ ಆಚೆ ದಾಟಿಸುವ ಬೇರೆ ರೀತಿಯೇ ಇದೆ.

ನನ್ನ ಕೈಯಲ್ಲಿ ಶೀಟ್, ತಮ್ಮನ ಕೈಯಲ್ಲಿ ಗೈ. ಹುಡುಗಿ ಗಳದ ತುದಿ ಬಿಡಿಸಿದ್ದೇ ತಡ, ತಮ್ಮ ಗಾಬರಿಯಾಗಿ ಹಗ್ಗ ಬಿಟ್ಟ. ಸೀರೆ ಬೇವಿನ ಟೊಂಗೆಗೆ ಸಿಕ್ಕಿಕೊಂಡು ಬಾವುಟವಾಯಿತು.

"ಅಪ್ಪಾ, ನಿಮಗ ಧೈರ್ಯ ಇಲ್ಲ ಅಂತಲ್ಲ. ಯಾವಾಗ ಬಿಡಬೇಕಂತ ನಿಮಗ ಯಾರೂ ಕಲಿಸಿಲ್ಲ" ಎಂದಳು.

ಹುಬ್ಬಳ್ಳಿಗೆ ಮರಳುವಾಗ ಬಸ್ಸಿನಲ್ಲಿ ಆ ಮಾತೇ ಕಿವಿಯಲ್ಲಿತ್ತು. ಗೆಳತಿಯರೆ, ನಾವು ಹೆಂಗಸರನ್ನು ಹೊಗಳುವ ಮಾತುಗಳನ್ನೊಮ್ಮೆ ಒರೆಗೆ ಹಚ್ಚಿ ನೋಡಿರಿ. ಎಳೆ ಹರಿಯದ ಜೋಳದ ರೊಟ್ಟಿ ಬಡಿದರೆ ಕೈಗುಣ. ಮನೆ ತೂಗಿಸಿದರೆ ತಾಳ್ಮೆ. ಸಮುದ್ರ ದಾಟಿದರೆ ಧೈರ್ಯ. ಇವುಗಳಲ್ಲಿ ಒಂದಾದರೂ ವಿದ್ಯೆ ಎಂದು ಕರೆಸಿಕೊಂಡಿದೆಯೆ?

ಇದು ಬರೀ ಶಬ್ದದ ಜಗಳವಲ್ಲ. ಧೈರ್ಯ ದೇವರು ಕೊಡುವಂಥದು. ಅವನು ಕೊಡದಿದ್ದರೆ ಯಾರದೂ ತಪ್ಪಿಲ್ಲ. ವಿದ್ಯೆ ಹಾಗಲ್ಲ. ಅದನ್ನು ಕಲಿಸಬೇಕು, ರೊಕ್ಕ ಹಾಕಬೇಕು, ಸಹಿ ಮಾಡಬೇಕು. ಕಲಿಸದಿದ್ದರೆ ತಪ್ಪು ನಮ್ಮದು. ಧೈರ್ಯವೆಂದು ಹೊಗಳಿದಾಗ ನಮ್ಮ ಮೇಲಿನ ಆ ಭಾರವನ್ನು ಜಾಣತನದಿಂದ ಇಳಿಸಿಕೊಂಡಿರುತ್ತೇವೆ.

1989-90ರ ವಿಟ್‌ಬ್ರೆಡ್ ಪಂದ್ಯದಲ್ಲಿ ಇಂಗ್ಲೆಂಡಿನ ಟ್ರೇಸಿ ಎಡ್ವರ್ಡ್ಸ್ ಹೆಂಗಸರನ್ನಷ್ಟೇ ಕಟ್ಟಿಕೊಂಡು 'ಮೇಡನ್' ದೋಣಿಯಲ್ಲಿ ಭೂಮಿ ಸುತ್ತಲು ಹೊರಟಾಗ, ಇವರಿಂದ ಆಗದೆಂದು ನಕ್ಕವರು ಬಹಳ. ಅವರು ತಮ್ಮ ವರ್ಗದಲ್ಲಿ ಎರಡು ಹಂತ ಗೆದ್ದು, ಒಟ್ಟಿನಲ್ಲಿ ಎರಡನೆಯವರಾಗಿ ಬಂದರು. ಬರೀ ಧೈರ್ಯದಿಂದ ಹಂತ ಗೆಲ್ಲಲಾಗುವುದಿಲ್ಲ. 2018ರ ಜಕಾರ್ತಾ ಏಷ್ಯಾಡಿನಲ್ಲಿ ನಮ್ಮ ವರ್ಷಾ ಗೌತಮ್, ಶ್ವೇತಾ ಶೇರ್ವೇಗಾರ್ ಬೆಳ್ಳಿ ಗೆದ್ದ ದೋಣಿಗೂ ಸ್ಪಿನೇಕರಿನ ಜಾತಿಯ ಹಾಯಿಯೇ ಇರುತ್ತದೆ. ಅಲ್ಲಿ ಬದಿ ಬದಲಿಸುವ ಗಳವಿಲ್ಲ, ಆದರೆ ಇಷ್ಟನ್ನೂ ನಡೆಸುವವರು ಇಬ್ಬರೇ. ಪದಕದ ಸುದ್ದಿ ಓದಿದ ನಮಗೆ ಅವರ ಕೈಕೆಲಸ ಯಾರು ಹೇಳಿದರು?

ಸಮುದ್ರದಲ್ಲಿ ಅಪಾಯವಿಲ್ಲವೆಂದು ನಾನು ಹೇಳುವುದಿಲ್ಲ. ಇದೆ. ಅದಕ್ಕೇ ಕಲಿಯಬೇಕೆನ್ನುವುದು. ಎರೆಹೊಲದ ಊರಿಗೆ ಸಮುದ್ರವೇಕೆ ಎನ್ನುವವರಿಗೂ ಒಂದು ಮಾತು. ಕಣದಲ್ಲಿ ನಿಂತು ಜೋಳ ತೂರುತ್ತಿದ್ದ ನಮ್ಮವ್ವ, ಗಾಳಿ ತಿರುಗಿದ್ದನ್ನು ಗಂಡಸರಿಗಿಂತ ಮೊದಲೇ ಅರಿತು ಮೊರ ತಿರುಗಿಸುತ್ತಿದ್ದಳು. ಅವಳ ಮೊಮ್ಮಗಳಿಗೆ ಗಾಳಿ ಹೊಸದೇನಲ್ಲ.

ಆ ವರ್ಷದ ಶಿಬಿರ ಮುಗಿದುಹೋಯಿತು. ಮುಂದಿನದರ ಫಾರ್ಮು ಮತ್ತೆ ಬಂದು ಅದೇ ಕಪಾಟಿನಲ್ಲಿದೆ. ತಮ್ಮನಿಗೆ ಹೇಳಿಬಿಟ್ಟಿದ್ದೇನೆ: "ಇನ್ನ ಮ್ಯಾಲೆ ಅಕಿಗೆ ಧೈರ್ಯ ಐತಿ ಅನ್ನಬ್ಯಾಡ. ಸಹಿ ಹಾಕು."