ಜೇಡನ ಕೂಲಿ ಯಾರ ಲೆಕ್ಕದಲ್ಲಿದೆ?

ಏಳನೇ ಕ್ಲಾಸಿನಲ್ಲಿ ಓದುವ ನಿಮ್ಮ ಮಗನನ್ನೋ ಮಗಳನ್ನೋ ಒಮ್ಮೆ ಕೇಳಿ ನೋಡಿ: "ಆಹಾರ ಸರಪಳಿ ಅಂದ್ರೇನು?" ಹುಲ್ಲು, ಜಿಂಕೆ, ಹುಲಿ ಅಂತ ಗಿಣಿಪಾಠ ಒಪ್ಪಿಸುತ್ತಾರೆ. "ನಮ್ಮ ಗದ್ದೇಲಿ ಯಾರನ್ನ ಯಾರು ತಿಂತಾರೆ?" ಅಂತ ಕೇಳಿ. ಮುಖ ಮುಖ ನೋಡುತ್ತಾರೆ. ತಪ್ಪು ಮಕ್ಕಳದಲ್ಲ. ಅರಕಲಗೂಡಿನ ಹುಡುಗರಿಗೆ ದಿನಾ ಕಾಣುವ ಕಪ್ಪೆ, ಜೇಡ, ಕೇರೆಹಾವು ಬಿಟ್ಟು ಹಲಗೆಯ ಮೇಲೆ ಹುಲಿ ಬರೆದು ತೋರಿಸಿದರೆ ಇನ್ನೇನಾದೀತು?

"ಇದು ಮೇಷ್ಟ್ರ ವಿಷಯ, ಬೆಲೆ-ಸಾಲದ ಪತ್ರಿಕೆಗೆ ಯಾಕಪ್ಪಾ?" ಎನ್ನುತ್ತೀರಾ? ಇದು ಸಾಲದ ವಿಷಯವೇ.

ರಾಮನಾಥಪುರದ ಕಾವೇರಿ ಬಯಲಿನ ಭತ್ತದ ಗದ್ದೆಯನ್ನೇ ತಗೊಳ್ಳಿ. ಕಂದು ಜಿಗಿಹುಳುವನ್ನು ಜೇಡ ತಿನ್ನುತ್ತದೆ. ಅದಕ್ಕೆ ಕೂಲಿಯಿಲ್ಲ, ಬಡ್ಡಿಯಿಲ್ಲ. ಗೊತ್ತುಗುರಿಯಿಲ್ಲದೆ ಔಷಧಿ ಹೊಡೆದರೆ ಮೊದಲು ಸಾಯುವುದು ಜೇಡ. ಪೈರಿನ ಬುಡದಲ್ಲಿ ಉಳಿದ ಜಿಗಿಹುಳು ಹತ್ತಾಗಿ, ನೂರಾಗಿ ಏಳುತ್ತದೆ. ಮತ್ತೆ ಔಷಧಿ, ಮತ್ತೆ ಉದ್ರಿ. ಕಪ್ಪೆಯ ಕಥೆಯೂ ಇದೇ. 1987ರಲ್ಲಿ ಸರ್ಕಾರ ನಿಷೇಧಿಸುವ ತನಕ ನಮ್ಮ ದೇಶದ ಕಪ್ಪೆಕಾಲು ಪರದೇಶದವರ ಊಟಕ್ಕೆ ಹೋಗುತ್ತಿತ್ತು. ಹುಳ ತಿನ್ನುವ ಕಪ್ಪೆಯನ್ನು ಮಾರಿ ಹುಳ ಕೊಲ್ಲುವ ಔಷಧಿ ಕೊಳ್ಳುವುದು ಯಾವ ಜಾಣತನ? ಹೊಗೆಸೊಪ್ಪಿನ ಬ್ಯಾರನ್ನಿಗೆ ಅಂತ ಬದುವಿನ ಹಳೇ ಮರ ಕಡಿದರೆ ಪೊಟರೆಯ ಗೂಬೆ ಹೋಗುತ್ತದೆ, ಇಲಿ ಉಳಿಯುತ್ತದೆ. ಇಲಿ ಪಾಷಾಣಕ್ಕೂ ದುಡ್ಡು ಬಿಚ್ಚಬೇಕು. ಸರಪಳಿಯ ಒಂದೊಂದು ಕೊಂಡಿ ಕಳಚಿದಾಗಲೂ ಅಂಗಡಿಯವನ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಬಾಬ್ತು ಏರುತ್ತದೆ.

ಇದು ಬರೀ ನಮ್ಮ ಮಾತಲ್ಲ. ಇಂಡೋನೇಷ್ಯಾ ದೇಶ ಇದೇ ಜಿಗಿಹುಳುವಿನ ಕಾಟದಿಂದ ಬುದ್ಧಿ ಕಲಿತು 1986ರಲ್ಲಿ ಭತ್ತಕ್ಕೆ ಹೊಡೆಯುತ್ತಿದ್ದ 57 ಬಗೆಯ ಔಷಧಿಗಳನ್ನು ನಿಷೇಧಿಸಿತು. 1989ರಿಂದ ರೈತರಿಗೆ ಗದ್ದೆಯಲ್ಲೇ ಪಾಠ ನಡೆಸಿ, ಜೇಡ ಎಷ್ಟು, ಜಿಗಿಹುಳು ಎಷ್ಟು ಅಂತ ಎಣಿಸಲು ಕಲಿಸಿತು. ದೊಡ್ಡವರು ಕಲಿತದ್ದನ್ನು ನಮ್ಮ ಮಕ್ಕಳು ಕಲಿಯಲಾರರೇ?

ಮೇಷ್ಟ್ರೇ, ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳನ್ನು ಹದಿನೈದು ದಿನಕ್ಕೊಮ್ಮೆ ಗದ್ದೆ ಬದುವಿಗೆ ಕರೆತನ್ನಿ. ಔಷಧಿ ಹೊಡೆಯದ ತಾಕಿನಲ್ಲಿ ಒಂದು ಮಾರು ಜಾಗ ಗುರುತು ಮಾಡಿ. ಹೊಡೆದ ತಾಕಿನಲ್ಲೂ ಅಷ್ಟೇ ಜಾಗ ಗುರುತು ಮಾಡಿ, ಆದರೆ ಹೊಡೆದ ಹೊಸದರಲ್ಲಿ ಮಕ್ಕಳನ್ನು ಇಳಿಸಬೇಡಿ. ಜೇಡ, ಕಪ್ಪೆ, ಎರೆಹುಳು, ಜಿಗಿಹುಳು ಎಣಿಸಿ ಬರೆಸಿ. ಪಕ್ಕದಲ್ಲೇ ಎರಡೂ ತಾಕಿನ ಔಷಧಿ ಖರ್ಚು ಬರೆಸಿ. ಕೂಡಿ ಕಳೆಯುವ ಲೆಕ್ಕ ಮಕ್ಕಳೇ ಮಾಡಲಿ. ವಿಜ್ಞಾನವೂ ಆಯ್ತು, ಗಣಿತವೂ ಆಯ್ತು.

ರೈತರೇ, ಶಾಲೆಯ ಎಸ್‌.ಡಿ.ಎಂ.ಸಿ.ಯಲ್ಲಿ ಕೂರುವವರು ನೀವೇ. ಮುಂದಿನ ಸಭೆಯಲ್ಲಿ ಇದನ್ನು ಎತ್ತಿ. ಎಣಿಸೋದಕ್ಕೆ ನಿಮ್ಮ ಗದ್ದೆಯ ಒಂದು ಮೂಲೆ ಬಿಟ್ಟುಕೊಡಿ. "ಮಗ ಓದಿ ನೌಕರಿ ಹಿಡೀಲಿ, ಗದ್ದೆ ಯಾಕೆ?" ಅಂತೀರಿ. ಹಿಡಿಯಲಿ, ಸಂತೋಷ. ಆದರೆ ಎಲ್ಲರಿಗೂ ನೌಕರಿ ಎಲ್ಲಿದೆ? ಉಳಿದವರು ಬರುವುದು ಇದೇ ಹೊಲಕ್ಕೆ, ಇದೇ ಸಾಲಕ್ಕೆ. ಪಹಣಿಯ ಜೊತೆ ಸಾಲವೂ ಅವರ ಕೈಸೇರುವ ಮೊದಲು ಈ ಲೆಕ್ಕ ಅವರ ತಲೆಗೆ ಸೇರಲಿ.