ಗೃಹಸ್ಥರ ಕೈಗೆಲಸ: ವಸತಿ ವ್ಯಾನಿಗೆ ವೇಗ ಹಿಡಿಯುವ ಯಂತ್ರ

ಕಳೆದ ಸಂಚಿಕೆಯಲ್ಲಿ ನಮ್ಮ ವಸತಿ ವ್ಯಾನಿನ ನೀರಿನ ತೊಟ್ಟಿಯನ್ನು ಚೊಕ್ಕಟಮಾಡುವ ಕ್ರಮವನ್ನು ವಿವರಿಸಿ, ಈ ಸಲ ಅದೇ ವ್ಯಾನಿಗೆ ನಾವು ಕೈಯಾರೆ ಜೋಡಿಸಿದ ‘ಕ್ರೂಸ್ ಕಂಟ್ರೋಲ್’ ಎಂಬ ಉಪಕರಣದ ವಿಚಾರವನ್ನು ಬರೆಯುವೆವೆಂದು ಮಾತುಕೊಟ್ಟಿದ್ದೆವು. ಕೊಟ್ಟ ಮಾತನ್ನು ನಡೆಸುವ ಮುನ್ನ ಒಂದು ಅರಿಕೆ. ಈ ಕೆಲಸದಲ್ಲಿ ನಾವೊಂದು ದೊಡ್ಡ ತಪ್ಪು ಮಾಡಿದೆವು. ಅದನ್ನು ಮುಚ್ಚಿಟ್ಟು ಬರೆದರೆ ನಮ್ಮ ಮಾನ ಉಳಿದೀತು, ವಾಚಕರಿಗೆ ಪ್ರಯೋಜನವಾಗದು. ಆದುದರಿಂದ ನಡೆದುದನ್ನು ನಡೆದಂತೆಯೇ ಹೇಳುವೆವು.

ನಮ್ಮ ವಾಸವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲೆಂಬುದನ್ನೂ, ಮಗಳ ಮನೆಯು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲೆಂಬುದನ್ನೂ ನಿತ್ಯದ ವಾಚಕರು ಬಲ್ಲರು. ನಡುವಣ ದಾರಿ ಸುಮಾರು 290 ಮೈಲಿ. ನಮ್ಮದು ಫೋಕ್ಸ್‌ವ್ಯಾಗನ್ ಕಂಪೆನಿಯವರು 1979ರಲ್ಲಿ ಮೊದಲು ಹೊರತಂದ ಟಿ-25 ಎಂಬ ಮಾದರಿಯ ಹಳೆಯ ಪೆಟ್ರೋಲ್ ವ್ಯಾನು. ಒಳಗೆ ಮಡಿಚುವ ಹಾಸಿಗೆ, ಎರಡು ಉರಿಯ ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಸಣ್ಣ ತೊಟ್ಟಿ, ಎಲ್ಲವೂ ಉಂಟು. ಎಂಜಿನ್ನು ಹಿಂದುಗಡೆ, ಓಡಿಸುವವನು ಮುಂದುಗಡೆ. ಆಕ್ಸಿಲರೇಟರ್ ಪೆಡಲನ್ನು ಒತ್ತಿದರೆ ಉದ್ದವಾದ ಉಕ್ಕಿನ ತಂತಿಯೊಂದು ನೆಲದಡಿಯಲ್ಲಿ ಹಾದುಹೋಗಿ ಎಂಜಿನ್ನಿನ ಗಾಳಿಬಾಗಿಲನ್ನು ತೆರೆಯುವುದು. ಆ ಪೆಡಲನ್ನು ಐದಾರು ಗಂಟೆಗಳ ಕಾಲ ಒಂದೇ ಸಮನೆ ಒತ್ತಿ ಹಿಡಿದಿರುವುದು ಅರುವತ್ತು ದಾಟಿದ ಮೊಣಕಾಲಿಗೆ ಸಣ್ಣ ಶಿಕ್ಷೆಯಲ್ಲ. ಕಳೆದ ಚಳಿಗಾಲದಲ್ಲಿ ಗ್ಲಾಸ್ಗೋ ತಲಪಿ ಇಳಿದಾಗ ನಮ್ಮ ಬಲಗಾಲು ನೆಲಕ್ಕೆ ಊರಲೊಲ್ಲದೆ, ಮೊಮ್ಮಗನ ಹೆಗಲು ಹಿಡಿದು ಮೆಟ್ಟಲು ಹತ್ತಬೇಕಾಯಿತು. ಇನ್ನು ಮಗಳ ಮನೆಯ ದಾರಿಯನ್ನೇ ಬಿಡಬೇಕು, ಇಲ್ಲವೆ ಕಾಲಿಗೊಬ್ಬ ಬದಲಾಳನ್ನು ಗೊತ್ತುಮಾಡಬೇಕು ಎಂಬ ಸ್ಥಿತಿ ಬಂದಿತು.

ಆ ಬದಲಾಳೇ ಕ್ರೂಸ್ ಕಂಟ್ರೋಲ್. ಗುಂಡಿಯೊತ್ತಿ ವೇಗವನ್ನು ಒಮ್ಮೆ ಗೊತ್ತುಮಾಡಿದರೆ, ಏರಿನಲ್ಲಿ ಗಾಳಿಬಾಗಿಲನ್ನು ಹೆಚ್ಚು ತೆರೆದು, ಇಳಿಜಾರಿನಲ್ಲಿ ಮುಚ್ಚಿ, ಆ ವೇಗವನ್ನು ಅದು ತಾನೇ ಕಾಪಾಡಿಕೊಂಡು ಹೋಗುವುದು. ಯಂತ್ರದ ವೇಗವನ್ನು ಯಂತ್ರವೇ ಹದಗೊಳಿಸುವ ತತ್ತ್ವವು ಹೊಸದಲ್ಲ. ಜೇಮ್ಸ್ ವಾಟನು 1788ರಲ್ಲಿಯೇ ತನ್ನ ಉಗಿಯಂತ್ರಕ್ಕೆ ತಿರುಗುವ ಗುಂಡುಗಳ ನಿಯಾಮಕವನ್ನು ಜೋಡಿಸಿದ್ದನು. ಮೋಟಾರು ಗಾಡಿಗೆ ಇಂದಿನ ಬಗೆಯಲ್ಲಿ ಅದನ್ನು ಒದಗಿಸಿದವನು ಅಮೆರಿಕದ ಇಂಡಿಯಾನಾ ಸಂಸ್ಥಾನದ ರಾಲ್ಫ್ ಟೀಟರ್. ಈತನು 5ನೆಯ ವಯಸ್ಸಿನಲ್ಲಿಯೇ ಕಣ್ಣು ಕಳೆದುಕೊಂಡವನು. ಈತನ ವಕೀಲನು ಕಾರು ಓಡಿಸುವಾಗ ತಾನು ಮಾತನಾಡುತ್ತಿದ್ದರೆ ವೇಗವನ್ನಿಳಿಸುವನು, ಕೇಳುತ್ತಿದ್ದರೆ ಏರಿಸುವನು. ಪಕ್ಕದಲ್ಲಿ ಕುಳಿತು ಆ ಎಳೆದಾಟವನ್ನು ಮೈಯಿಂದಲೇ ಅರಿತ ಟೀಟರನಿಗೆ ಈ ಯೋಚನೆ ಹೊಳೆಯಿತೆಂದು ಹೇಳುವರು. 1950ರಲ್ಲಿ ಆತನಿಗೆ ಪೇಟೆಂಟು ದೊರೆಯಿತು. 1958ನೆಯ ವರ್ಷದ ಕ್ರೈಸ್ಲರ್ ಕಾರುಗಳಲ್ಲಿ ಈ ಉಪಕರಣವು ಮೊದಲು ಮಾರಾಟಕ್ಕೆ ಬಂದಿತು. ಕಣ್ಣಿಲ್ಲದವನು ಕಣ್ಣುಳ್ಳವರ ಕಾಲಿಗೆ ಮಾಡಿದ ಉಪಕಾರವಿದು.

ಗಾಡಿಯೊಡನೆ ಬಾರದೆ, ಆಮೇಲೆ ಕೊಂಡು ಜೋಡಿಸುವ ಸಾಮಗ್ರಿಯಲ್ಲಿ ಮುಖ್ಯವಾಗಿ ಐದು ಅಂಗಗಳುಂಟು. ಮೊದಲನೆಯದು, ಚಕ್ರದ ದಂಡವು ಎಷ್ಟು ವೇಗವಾಗಿ ತಿರುಗುತ್ತಿದೆಯೆಂದು ತಿಳಿಸುವ ಅಯಸ್ಕಾಂತ ಮತ್ತು ಸುರುಳಿ. ಎರಡನೆಯದು, ಆ ಸುದ್ದಿಯನ್ನು ಗೊತ್ತಾದ ವೇಗದೊಡನೆ ಹೋಲಿಸಿ ನೋಡುವ ಪೆಟ್ಟಿಗೆ. ಮೂರನೆಯದು, ಗಾಳಿಬಾಗಿಲನ್ನು ಎಳೆಯುವ ಡಬ್ಬಿ. ನಾಲ್ಕನೆಯದು, ಸ್ಟಿಯರಿಂಗಿನ ಬಳಿಯಿರುವ ಗುಂಡಿಗಳು. ಐದನೆಯದು, ಬ್ರೇಕು ಕ್ಲಚ್ಚುಗಳಿಂದ ಪೆಟ್ಟಿಗೆಗೆ ಬರುವ ತಂತಿಗಳು. ಮೊದಲ ನಾಲ್ಕೂ ವೇಗವನ್ನು ಹಿಡಿಯುವುದಕ್ಕೆ, ಐದನೆಯದೊಂದೇ ಬಿಡುವುದಕ್ಕೆ. ನಮ್ಮ ತಪ್ಪು ನಡೆದುದು ಈ ಐದನೆಯದರಲ್ಲಿಯೇ. ಹೊಸ ವ್ಯಾನುಗಳಲ್ಲಿ ಪೆಡಲಿಗೆ ಉಕ್ಕಿನ ತಂತಿಯೇ ಇಲ್ಲ, ವಿದ್ಯುತ್ತಿನ ಸಂಜ್ಞೆ ಮಾತ್ರ. ಅವುಗಳಿಗೆ ಬೇರೆ ಬಗೆಯ ಸಾಮಗ್ರಿ ಬೇಕು. ನಮ್ಮ ಮಾತು ತಂತಿಯುಳ್ಳ ಹಳೆಯ ಗಾಡಿಗಳಿಗೆ ಅನ್ವಯಿಸುವುದೆಂದು ವಾಚಕರು ಗಮನಿಸಬೇಕು.

ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ಋಣತಂತಿಯನ್ನು ಕಳಚತಕ್ಕದ್ದು. ವಸತಿ ವ್ಯಾನಿನಲ್ಲಿ ಬ್ಯಾಟರಿಗಳು ಎರಡು: ಎಂಜಿನ್ನನ್ನು ಹೊರಡಿಸುವುದೊಂದು, ಒಳಗಿನ ದೀಪ ನೀರಿನ ಪಂಪುಗಳನ್ನು ನಡೆಸುವುದೊಂದು. ಎರಡನ್ನೂ ಕಳಚುವುದು ಲೇಸು. ನೆಲದಲ್ಲಿ ತೂತು ಕೊರೆಯಬೇಕಾದರೆ ಮೊದಲು ಗಾಡಿಯ ಅಡಿಗೆ ಬಗ್ಗಿ ನೋಡಬೇಕು. ಟಿ-25ರಲ್ಲಿ ಪೆಟ್ರೋಲಿನ ತೊಟ್ಟಿಯು ಮುಂಭಾಗದ ನೆಲದಡಿಯಲ್ಲಿಯೇ ಇರುವುದು. ಎಂಜಿನ್ನನ್ನು ತಂಪುಮಾಡುವ ನೀರಿನ ಕೊಳವೆಗಳು ಮುಂದಿನಿಂದ ಹಿಂದಕ್ಕೆ ಅಲ್ಲಿಯೇ ಹಾದುಹೋಗುವುವು. ಒಲೆಯ ಗ್ಯಾಸ್ ಕೊಳವೆಯೂ ಎಲ್ಲಿಯೋ ಅಡಗಿರುವುದು. ಇವೆಲ್ಲದರ ನಡುವೆ ಕಣ್ಣುಮುಚ್ಚಿ ಕೊರೆಯುವುದು ಆತ್ಮಹತ್ಯೆಗೆ ಸಮಾನ. ಹೀಗೆ ಹೊಸದನ್ನು ಜೋಡಿಸಿದುದನ್ನು ವಿಮೆಯವರಿಗೆ ತಿಳಿಸುವುದೂ ಗೃಹಸ್ಥನ ಕರ್ತವ್ಯವೇ.

ಜೋಡಣೆಯಲ್ಲಿ ಕಷ್ಟವಾದುದು ಕಡಮೆ, ತಾಳ್ಮೆ ಬೇಕಾದುದು ಹೆಚ್ಚು. ಹಿಂದಿನ ಚಕ್ರಕ್ಕೆ ಹೋಗುವ ದಂಡಕ್ಕೆ ಎರಡು ಅಯಸ್ಕಾಂತಗಳನ್ನು, ತೂಕ ಸಮನಾಗುವಂತೆ ಎದುರುಬದುರಾಗಿ ಕಟ್ಟಿ, ಅವುಗಳಿಗೆ ತಾಗದಂತೆ ಹತ್ತಿರದಲ್ಲಿ ಸುರುಳಿಯನ್ನು ನಿಲ್ಲಿಸಿದೆವು. ಎಳೆಯುವ ಡಬ್ಬಿಯನ್ನು ಎಂಜಿನ್ನಿನ ಗೂಡಿನಲ್ಲಿ, ಹೊಗೆಕೊಳವೆಯ ಬಿಸಿ ತಟ್ಟದ ಕಡೆ ಬಿಗಿದೆವು. ಎಂಜಿನ್ನು ಗಾಳಿಯನ್ನು ಒಳಕ್ಕೆಳೆದುಕೊಳ್ಳುವ ಕೊಳವೆಯಿಂದ ಒಂದು ರಬ್ಬರು ನಳಿಗೆಯು ಈ ಡಬ್ಬಿಗೆ ಬರುವುದು. ಆ ಹೀರುವಿಕೆಯಿಂದ ಡಬ್ಬಿಯೊಳಗಿನ ತೊಗಲು ಹಿಂದಕ್ಕೆ ಸರಿದು, ಮಣಿಸರದಂತಹ ಸರಪಣಿಯೊಂದನ್ನು ಎಳೆಯುವುದು. ಸರಪಣಿಯು ಗಾಳಿಬಾಗಿಲನ್ನು ತೆರೆಯುವುದು. ಪೆಟ್ಟಿಗೆಯಿಂದ ಬರುವ ವಿದ್ಯುತ್ತು ನಿಂತೊಡನೆ ಡಬ್ಬಿಯ ಕವಾಟವು ತೆರೆದು ಹೊರಗಾಳಿ ನುಗ್ಗಿ, ಎಳೆತವು ಸಡಿಲುವುದು. ಎಂಜಿನ್ನು ನಿಂತಿರುವಾಗ ಸರಪಣಿಯು ತುಸು ಸಡಿಲವಾಗಿಯೇ ಇರಬೇಕು. ಬಿಗಿಯಾದರೆ ಗಾಳಿಬಾಗಿಲು ಪೂರ್ತಿ ಮುಚ್ಚದು. ಕೈಯಿಂದಲೇ ಇಪ್ಪತ್ತು ಬಾರಿ ತೆರೆದು ಬಿಟ್ಟು, ಪ್ರತಿಸಲವೂ ಟಪ್ಪನೆ ಮುಚ್ಚಿಕೊಳ್ಳುವುದೇ ಎಂದು ನೋಡಿದೆವು. ಪೆಟ್ಟಿಗೆಗೆ ವಿದ್ಯುತ್ತನ್ನು ಬೀಗದ ಕೈ ತಿರುಗಿಸಿದಾಗ ಮಾತ್ರ ಬರುವ ತಂತಿಯಿಂದ, ಫ್ಯೂಜಿನ ಮೂಲಕ ಕೊಡತಕ್ಕದ್ದು. ಒಳಮನೆಯ ಬ್ಯಾಟರಿಯಿಂದ ಎಂದಿಗೂ ಕೊಡಬಾರದು.

ಇನ್ನು ಬ್ರೇಕಿನ ತಂತಿ. ಬ್ರೇಕನ್ನು ಒತ್ತಿದಾಗ ಗಾಡಿಯ ಹಿಂದೆ ಕೆಂಪುದೀಪ ಹತ್ತುವುದಷ್ಟೆ. ಆ ದೀಪಕ್ಕೆ ಹೋಗುವ ತಂತಿಗೆ ಪೆಟ್ಟಿಗೆಯ ಒಂದು ತಂತಿಯನ್ನು ಸೇರಿಸಬೇಕು. ಕಾಲು ಬ್ರೇಕಿನ ಮೇಲಿಲ್ಲದಾಗ ಪೆಟ್ಟಿಗೆಯು ಬಲ್ಬಿನೊಳಗಿನ ಸಣ್ಣ ತಂತುವಿನ ಮೂಲಕ ಗಾಡಿಯ ಮೈಯನ್ನು, ಎಂದರೆ ‘ಅರ್ತ್’ ಎಂಬುದನ್ನು, ಮುಟ್ಟಿ ನೋಡುವುದು. ಮುಟ್ಟಿತೆಂದರೆ ಎಲ್ಲವೂ ಸರಿಯಿದೆಯೆಂದು ತಿಳಿದು ಕೆಲಸಕ್ಕೆ ಒಪ್ಪುವುದು. ಕಾಲು ಬ್ರೇಕನ್ನು ಒತ್ತಿದೊಡನೆ ಅದೇ ತಂತಿಯಲ್ಲಿ ವಿದ್ಯುತ್ತು ಬರುವುದು. ಪೆಟ್ಟಿಗೆಯು ಆ ಕ್ಷಣವೇ ಹಿಡಿತವನ್ನು ಬಿಡುವುದು.

ಶನಿವಾರ ಸಂಜೆಯ ಹೊತ್ತಿಗೆ ಕ್ಲಚ್ಚಿನ ಸ್ವಿಚ್ಚೊಂದನ್ನುಳಿದು ಎಲ್ಲವೂ ಮುಗಿದಿತ್ತು. ಸೋಮವಾರ ಬೆಳಗ್ಗೆ ಹೊರಡುವೆವೆಂದು ಮಗಳಿಗೆ ಹೇಳಿಯಾಗಿತ್ತು. ಗಾಡಿಯನ್ನು ಹೊರತೆಗೆದು ಗುಂಡಿಯೊತ್ತಿದರೆ ಯಂತ್ರವು ಮಿಸುಕಲಿಲ್ಲ. ಹಿಂದಿರುಗಿ ಎಲ್ಲ ಜೋಡಣೆಗಳನ್ನೂ ಬಿಚ್ಚಿ ಕಟ್ಟಿದೆವು, ಮತ್ತೆ ಹೋದೆವು, ಮತ್ತೆ ಹಾಗೆಯೇ. ಮೀಟರು ಹಿಡಿದು ನೋಡಿದಾಗ ಕಾರಣ ತಿಳಿಯಿತು. ಹಿಂದಿನ ವರ್ಷ ಕೆಂಪುದೀಪಗಳ ಹಳೆಯ ಬಲ್ಬುಗಳನ್ನು ತೆಗೆದು ಎಲ್.ಇ.ಡಿ. ಬಲ್ಬುಗಳನ್ನು ನಾವೇ ಹಾಕಿದ್ದೆವು. ಅವುಗಳಲ್ಲಿ ತಂತುವಿಲ್ಲ, ಆದುದರಿಂದ ಪೆಟ್ಟಿಗೆಗೆ ಗಾಡಿಯ ಮೈ ಸಿಕ್ಕುತ್ತಿರಲಿಲ್ಲ.

ಕಾರಣ ತಿಳಿದುದೇನೋ ಸರಿ. ಹೊತ್ತು ಮುಳುಗಿತ್ತು, ಅಂಗಡಿ ಮುಚ್ಚಿತ್ತು. ಆಗ ನಮ್ಮ ಬುದ್ಧಿಗೆ ಒಂದು ಜಾಣತನ ತೋರಿತು. ಪೆಟ್ಟಿಗೆಗೆ ಬೇಕಾದುದು ಗಾಡಿಯ ಮೈ ತಾನೆ? ಆ ತಂತಿಯನ್ನು ದೀಪದಿಂದ ಬಿಡಿಸಿ ನೇರವಾಗಿ ಗಾಡಿಯ ಮೈಗೆ ತಿರುಪಿನಿಂದ ಬಿಗಿದೆವು. ಭಾನುವಾರ ನಸುಕಿನಲ್ಲಿ, ಜನಸಂಚಾರವಿಲ್ಲದ ನೇರವಾದ ರಸ್ತೆಯಲ್ಲಿ 40 ಮೈಲಿ ವೇಗಕ್ಕೆ ತಂದು ಗುಂಡಿಯೊತ್ತಿದೆವು. ಹಿಡಿಯಿತು! ಕಾಲನ್ನು ಪೂರ್ತಿ ತೆಗೆದರೂ ಗಾಡಿಯು ಗಡಿಯಾರದಂತೆ ನಡೆಯಿತು. ನಮಗಾದ ಹಿಗ್ಗನ್ನು ಹೇಳತೀರದು. ಪಕ್ಕದಲ್ಲಿದ್ದ ನಮ್ಮ ಮನೆಯಾಕೆ ಮಾತ್ರ ಹಿಗ್ಗಲಿಲ್ಲ. “ಹಿಡಿಯುವುದನ್ನು ತೋರಿಸಿದಿರಿ. ಬಿಡುವುದನ್ನೂ ಒಮ್ಮೆ ತೋರಿಸಿ” ಎಂದರು.

ಬ್ರೇಕನ್ನು ಒತ್ತಿದೆವು. ಗಾಡಿ ತಗ್ಗಿತು, ಆದರೆ ಹಿಂದಿನಿಂದ ಎಂಜಿನ್ನು ಇನ್ನೂ ಬಲವಾಗಿ ನೂಕತೊಡಗಿತು. ವೇಗವಿಳಿಯಿತೆಂದು ಕಂಡ ಯಂತ್ರವು, ಏರು ಬಂದಿತೆಂದು ಬಗೆದು ಗಾಳಿಬಾಗಿಲನ್ನು ಇನ್ನಷ್ಟು ತೆರೆಯುತ್ತಿತ್ತು. ಗಾಬರಿಯಲ್ಲಿ ಕ್ಲಚ್ಚನ್ನು ಒತ್ತಿದೆವು. ಹೊರೆಯಿಳಿದ ಎಂಜಿನ್ನು ಕಿವಿ ಒಡೆಯುವಂತೆ ಕಿರುಚಿತು. ಗುಂಡಿಗಳ ಪಕ್ಕದ ಮುಖ್ಯ ಸ್ವಿಚ್ಚಿಗೆ ಕೈ ಎಟುಕಿದಾಗ ಎಳೆತ ಬಿಟ್ಟಿತು. ಎಲ್ಲವೂ ಏಳೆಂಟು ಸೆಕೆಂಡುಗಳ ಮಾತು. ಮುಂದೆ ಮಗುವೊಂದು ರಸ್ತೆಗಿಳಿದಿದ್ದರೆ ಎಂಬುದನ್ನು ನೆನೆದರೆ ಇಂದಿಗೂ ಮೈ ನಡುಗುವುದು.

ನಾವು ಮಾಡಿದುದೇನು? ಕಾಲು ಬ್ರೇಕಿನ ಮೇಲಿಲ್ಲವೆಂದು ಯಂತ್ರದ ಕಿವಿಯಲ್ಲಿ ಎಡೆಬಿಡದೆ ಸುಳ್ಳು ಹೇಳುವ ಏರ್ಪಾಡು. ಶನಿವಾರ ಅದು ಕೆಲಸಕ್ಕೊಪ್ಪದಿದ್ದುದು ಅದರ ದೋಷವಲ್ಲ, ಅದರ ವಿವೇಕ. ಕೆಂಪುದೀಪದ ತಂತಿ ಕಿತ್ತುಹೋಗಿದ್ದರೆ, ಎರಡು ಬಲ್ಬುಗಳೂ ಸುಟ್ಟಿದ್ದರೆ, ನಿಲ್ಲಿಸೆಂಬ ಆಜ್ಞೆ ತನಗೆ ಮುಟ್ಟದಿರಬಹುದೆಂದು ಅದು ಹೊರಡಲೇ ಒಪ್ಪದು. ಆ ವಿವೇಕವನ್ನು ನಾವು ಒಂದು ತಿರುಪಿನಿಂದ ಕೆಡಿಸಿದ್ದೆವು.

ಪರಿಹಾರವು ನಾಚಿಕೆಯಾಗುವಷ್ಟು ಸುಲಭವಾದುದು. ಅಟ್ಟದ ಡಬ್ಬಿಯಲ್ಲಿ ಬಿದ್ದಿದ್ದ ಹಳೆಯ 21 ವ್ಯಾಟಿನ ತಂತುಬಲ್ಬುಗಳನ್ನು ತಂದು ಮತ್ತೆ ಹಾಕಿ, ತಂತಿಯನ್ನು ದೀಪದ ತಂತಿಗೇ ಸೇರಿಸಿದೆವು. ಎಲ್.ಇ.ಡಿ.ಯೇ ಬೇಕೆನ್ನುವವರು ಐದು ಕಾಲಿನ ರಿಲೇಯೊಂದನ್ನು ನಡುವೆ ಹಾಕಿ, ಬ್ರೇಕು ಬಿಟ್ಟಾಗ ಪೆಟ್ಟಿಗೆಯ ತಂತಿಯು ಗಾಡಿಯ ಮೈಗೂ, ಒತ್ತಿದಾಗ ವಿದ್ಯುತ್ತಿಗೂ ತಗಲುವಂತೆ ಮಾಡಬಹುದು. ಅದೇ ಮಧ್ಯಾಹ್ನ ಕ್ಲಚ್ಚಿನ ಪೆಡಲಿಗೆ ಅಯಸ್ಕಾಂತದ ಸಣ್ಣ ಸ್ವಿಚ್ಚನ್ನು ಜೋಡಿಸಿದೆವು. ಪೆಡಲು ಸರಿದೊಡನೆ ಅದೂ ಹಿಡಿತವನ್ನು ಬಿಡಿಸುವುದು.

ಆಮೇಲೆ ಪರೀಕ್ಷೆಯನ್ನು ತಲೆಕೆಳಗಾಗಿ ನಡೆಸಿದೆವು. ಎಂದರೆ ಬಿಡುವುದನ್ನು ಮೊದಲು ನೋಡಿದೆವು. ಗಾಡಿ ನಿಂತಿರುವಾಗ, ಬ್ರೇಕನ್ನು ಒತ್ತಿದೊಡನೆ ಪೆಟ್ಟಿಗೆಗೆ ವಿದ್ಯುತ್ತು ಮುಟ್ಟುವುದೇ ಎಂದು ಮೀಟರಿನಿಂದ. ಬಳಿಕ ಬರಿದಾದ ಒಣ ರಸ್ತೆಯಲ್ಲಿ, ಮೆಲ್ಲನೆ ಹೋಗುತ್ತ, ಬ್ರೇಕಿನಿಂದ ಮೂರು ಸಲ, ಕ್ಲಚ್ಚಿನಿಂದ ಮೂರು ಸಲ, ರದ್ದುಗುಂಡಿಯಿಂದ, ಮುಖ್ಯ ಸ್ವಿಚ್ಚಿನಿಂದ. ಬ್ರೇಕಿನ ಮೇಲೆ ಪಾದವನ್ನು ಹಗುರವಾಗಿ ಇಟ್ಟೊಡನೆಯೇ ಬಿಡಬೇಕು. ಗಟ್ಟಿಯಾಗಿ ತುಳಿಯುವವರೆಗೆ ಕಾಯಬಾರದು. ಕೆಟ್ಟ ಗಳಿಗೆಯಲ್ಲಿ ಕೂಡ ಓಡುವ ಗಾಡಿಯ ಬೀಗದ ಕೈಯನ್ನು ಹೊರಕ್ಕೆ ಕೀಳಬಾರದು, ಸ್ಟಿಯರಿಂಗು ಸಿಕ್ಕಿಕೊಳ್ಳುವುದು. ಈ ಪರೀಕ್ಷೆಗಳಲ್ಲಿ ಒಂದು ತಪ್ಪಿದರೂ ಯಂತ್ರವನ್ನು ಬಳಸದೆ ಬಲ್ಲವರಿಗೆ ತೋರಿಸತಕ್ಕದ್ದು.

ಸೋಮವಾರ ಹೊರಡುವುದನ್ನು ಬುಧವಾರಕ್ಕೆ ಮುಂದೂಡಿ, ಆ ಎರಡು ದಿನವೂ ಪರೀಕ್ಷಿಸಿದೆವು. ದಾರಿಯಲ್ಲಿ 55 ಮೈಲಿಗೆ ಗೊತ್ತುಮಾಡಿ ಹೋದೆವು. ಶಾಪ್ ಎಂಬ ಬೆಟ್ಟದ ಏರಿನಲ್ಲಿ ಯಂತ್ರವು ಗಾಳಿಬಾಗಿಲನ್ನು ಪೂರ್ತಿ ತೆರೆದರೂ ಮುದಿ ಎಂಜಿನ್ನಿಗೆ ಶಕ್ತಿ ಸಾಲದೆ ವೇಗ ತಗ್ಗಿತು. ಅಲ್ಲಿ ಗೇರು ಇಳಿಸಿ ಕಾಲಿನಿಂದಲೇ ಓಡಿಸಬೇಕು. ಇಳಿಜಾರಿನಲ್ಲಿ ಇದು ಬ್ರೇಕು ಹಾಕಲಾರದೆಂಬುದನ್ನು ಮರೆಯಬಾರದು. ಮಳೆಯಲ್ಲಿಯೂ, ಮಂಜುಗಡ್ಡೆಯ ಮೇಲೆಯೂ, ಗಾಡಿಗಳ ದಟ್ಟಣೆಯಲ್ಲಿಯೂ ಇದನ್ನು ಮುಟ್ಟದಿರುವುದೇ ಕ್ಷೇಮ.

ನಮ್ಮ ಹಿರಿಯರು ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವಾಗ ಅದರ ನಡಿಗೆಯನ್ನು ಹೊಗಳುವ ಮಾತಿಗೆ ಮರುಳಾಗುತ್ತಿರಲಿಲ್ಲ. ಗಾಡಿಗೆ ಹೂಡಿಸಿ, ‘ಹೋ’ ಎಂದರೆ ನಿಲ್ಲುವುದೇ ಎಂದು ನೋಡುತ್ತಿದ್ದರು. ಆ ವಿವೇಕವು ನಮಗೆ ಒಂದು ಶನಿವಾರ ರಾತ್ರಿಯ ಆತುರದಲ್ಲಿ ಮರೆತುಹೋಗಿತ್ತು; ಮನೆಯಾಕೆಗೆ ಮರೆತಿರಲಿಲ್ಲ.

ಗ್ಲಾಸ್ಗೋದಲ್ಲಿ ವ್ಯಾನು ನಿಂತೊಡನೆ ಮೊಮ್ಮಗನು ಹೆಗಲು ಕೊಡಲು ಓಡಿಬಂದನು. ಅವನ ಹೆಗಲಿಗೆ ತಿಂಡಿಯ ಚೀಲವನ್ನು ಹಾಕಿ, ನಾವು ನಮ್ಮ ಕಾಲಿನಿಂದಲೇ ಮೆಟ್ಟಲು ಹತ್ತಿದೆವು.

ಮುಂದಿನ ಸಂಚಿಕೆಯಲ್ಲಿ ವ್ಯಾನಿನ ಗ್ಯಾಸ್ ಒಲೆಯ ರಬ್ಬರು ಕೊಳವೆಯನ್ನು ಪರೀಕ್ಷಿಸುವ ಕ್ರಮವನ್ನು ಬರೆಯುವೆವು.